ಅಜ್ಜಿಯ ಡಬ್ಬಿಯಲ್ಲಿ ಇರುವುದು ನಾಣ್ಯವೋ, ಬಿಲ್ಲೆಯೋ? ಗುರುತಿಸುವುದು ಹೇಗೆ, ಬೆಲೆ ಕಟ್ಟುವುದು ಹೇಗೆ

ಹೋದ ದೀಪಾವಳಿ ಮುಗಿದ ಮಾರನೇ ದಿನ ನಮ್ಮ ದೊಡ್ಡಮ್ಮ ಫೋನ್ ಮಾಡಿದರು. ಲಕ್ಷ್ಮೀಪೂಜೆಗೆ ಇಡುವ ಹಳೇ ತಗಡಿನ ಡಬ್ಬಿಯನ್ನು ಈ ಸಲ ಪೂರ್ತಿ ಸುರಿದು ನೋಡಿದ್ದರಂತೆ. ಅದರಲ್ಲಿ ಹನುಮಂತನ ಚಿತ್ರ ಇರುವ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಸಿಕ್ಕಿದೆ, ಅದಕ್ಕೆ ಲಕ್ಷಗಟ್ಟಲೆ ಬರುತ್ತೆ ಅಂತ ಯಾರೋ ಹೇಳಿದ್ದಾರೆ, ನೀನು ಬಂದು ನೋಡು ಅಂದರು. ಹೋದೆ. ಆ ಹನುಮಂತನ ಬಿಲ್ಲೆಗೆ ಹಿತ್ತಾಳೆಯ ಬೆಲೆ ಬಂದರೆ ಹೆಚ್ಚು. ಆದರೆ ಅದೇ ಡಬ್ಬಿಯ ತಳದಲ್ಲಿ ಕಪ್ಪಾಗಿ, ಮೇಲಿನ ಕೊಂಡಿ ಮುರಿದು ಬಿದ್ದಿದ್ದ ಇನ್ನೊಂದು ದುಂಡನೆಯ ತುಂಡು ಇತ್ತು. "ಅದು ಯಾವುದೋ ಸ್ಕೂಲ್ ಮೆಡಲ್ ಬಿಡು" ಅಂದರು. ಬೆಳಕಿಗೆ ಹಿಡಿದು ಅಂಚು ತಿರುಗಿಸಿದೆ. ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ನಂಬರು, ಒಂದು ಹೆಸರು, ಆಮೇಲೆ ಮೈಸೂರು ಲ್ಯಾನ್ಸರ್ಸ್ ಅಂತ ಇತ್ತು. ಮೊದಲ ಮಹಾಯುದ್ಧದ ಬೆಳ್ಳಿ ಪದಕ. 1918ರ ಸೆಪ್ಟೆಂಬರ್‌ನಲ್ಲಿ ಈಗಿನ ಇಸ್ರೇಲಿನ ಹೈಫಾ ಊರಿನ ಮೇಲೆ ಕುದುರೆ ಏರಿ ನುಗ್ಗಿದ ದಳ ಅದು. ದೊಡ್ಡಮ್ಮನ ಅಜ್ಜ ಆ ದಳದಲ್ಲಿದ್ದರು ಅನ್ನುವುದು ಮನೆಯಲ್ಲಿ ಯಾರಿಗೂ ನೆನಪೇ ಇರಲಿಲ್ಲ.

ಇಂಥ ಡಬ್ಬಿ ಬಹಳ ಮನೆಗಳಲ್ಲಿದೆ. ಬೆಲೆ ಇಲ್ಲದ್ದನ್ನು ಲಾಕರಿನಲ್ಲಿ ಇಡುತ್ತೇವೆ, ಬೆಲೆ ಇರುವುದನ್ನು ಹಳೇ ಪಾತ್ರೆಯ ಜೊತೆ ತೂಕಕ್ಕೆ ಹಾಕುತ್ತೇವೆ. ಅದು ತಪ್ಪಲಿ ಅಂತ ನನಗೆ ಗೊತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೇಳಬೇಕಾದ ಪ್ರಶ್ನೆ

ಕೈಗೆ ಒಂದು ಬಿಲ್ಲೆ ಬಂದ ಕೂಡಲೇ ಎಷ್ಟು ಹಳೆಯದು, ಎಷ್ಟು ಬೆಲೆ ಅಂತ ಕೇಳಬೇಡಿ. ಇದನ್ನು ಹೊರಡಿಸಿದವರು ಯಾರು, ಯಾಕೆ ಹೊರಡಿಸಿದರು ಅಂತ ಕೇಳಿ. ಆ ಕಾಲದಲ್ಲಿ ಇದನ್ನು ಅಂಗಡಿಯಲ್ಲಿ ಕೊಟ್ಟು ಅಕ್ಕಿ ಬೇಳೆ ತರಬಹುದಿತ್ತಾ? ತರಬಹುದಿತ್ತು ಅಂದರೆ ನಾಣ್ಯ. ಯಾರಿಗೋ ಗೌರವಕ್ಕೆ ಕೊಟ್ಟದ್ದು, ಒಂದು ಸಂದರ್ಭದ ನೆನಪಿಗೆ ಮಾಡಿಸಿದ್ದು, ದೇವರ ಮನೆಯಲ್ಲಿ ಇಡಲು ಅಚ್ಚು ಹಾಕಿಸಿದ್ದು ಅಂದರೆ ಪದಕ ಅಥವಾ ಬಿಲ್ಲೆ. ಹಾಗಂತ ಪದಕ ಅಂದ್ರೆ ಕಡಿಮೆ ದರ್ಜೆಯದು ಅಂತ ಅಲ್ಲ. ಎಷ್ಟೋ ಪದಕಗಳು ಅದೇ ಕಾಲದ ನಾಣ್ಯಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಬೆಲೆ ಬಾಳುತ್ತವೆ. ಎರಡಕ್ಕೂ ಬೆಲೆ ಕಟ್ಟುವ ದಾರಿ ಬೇರೆ ಬೇರೆ, ಅದಕ್ಕೇ ಮೊದಲು ಬೇರ್ಪಡಿಸಿಕೊಳ್ಳಬೇಕು.

ಈಗಿನ ಭಾರತದ ನಾಣ್ಯವನ್ನು ಗುರುತಿಸುವುದು ಸುಲಭ. ಒಂದು ಬದಿ ಅಶೋಕ ಸ್ತಂಭದ ಸಿಂಹ ಇರುತ್ತದೆ. ಎರಡೂ ಬದಿ ಸೇರಿ ಭಾರತ್ ಮತ್ತು ಇಂಡಿಯಾ ಅನ್ನುವ ಹೆಸರು, ರೂಪಾಯಿಯಲ್ಲಿ ಮುಖಬೆಲೆ, ಇಸವಿ ಇರುತ್ತವೆ. ಇಸವಿಯ ಕೆಳಗೆ ಟಂಕಸಾಲೆಯ, ಅಂದರೆ ನಾಣ್ಯ ಅಚ್ಚು ಹಾಕಿದ ಜಾಗದ ಗುರುತು ನೋಡಿ. ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕೆ, ಮುಂಬೈಗೆ ವಜ್ರದ ಆಕಾರ, ಕೋಲ್ಕತ್ತಾಕ್ಕೆ ಏನೂ ಇಲ್ಲ. 2011ರ ನಾಣ್ಯ ಕಾಯ್ದೆಯ ಪ್ರಕಾರ ಸರ್ಕಾರ ಹೊರಡಿಸಿದ್ದು ಮಾತ್ರ ನಾಣ್ಯ. ಆ ಕಾಯ್ದೆಯಲ್ಲಿ ಒಂದು ರೂಪಾಯಿಯ ನೋಟನ್ನೂ ನಾಣ್ಯದ ಲೆಕ್ಕಕ್ಕೇ ಸೇರಿಸಿದ್ದಾರೆ, ಯಾಕಂದ್ರೆ ಅದನ್ನು ಹೊರಡಿಸುವುದು ರಿಸರ್ವ್ ಬ್ಯಾಂಕ್ ಅಲ್ಲ, ಸರ್ಕಾರ.

ಮುಖಬೆಲೆ ಇಲ್ಲದಿದ್ದರೆ ನಾಣ್ಯ ಅಲ್ಲ ಅಂತ ಬಹಳ ಜನ ಹೇಳಿಕೊಡುತ್ತಾರೆ. ಈಗಿನ ಕಾಲದ ಮಟ್ಟಿಗೆ ಅದು ಸರಿ. ಹಳೆಯದಕ್ಕೆ ಸರಿಹೋಗುವುದಿಲ್ಲ. ನಮ್ಮಲ್ಲಿ ಬಂಗಾರವನ್ನು ಪವನಿನ ಲೆಕ್ಕದಲ್ಲಿ ಹೇಳುತ್ತಾರಲ್ವಾ, ಆ ಲೆಕ್ಕದ ಹಿಂದಿರುವ ಇಂಗ್ಲೆಂಡಿನ ಸವರನ್ ಮೇಲೆ ಎಲ್ಲೂ ಒಂದು ಪೌಂಡ್ ಅಂತ ಬರೆದಿಲ್ಲ. ಆದರೂ ಅದು ಪಕ್ಕಾ ನಾಣ್ಯ, 7.98 ಗ್ರಾಂ ತೂಕ, 22 ಕ್ಯಾರೆಟ್. ವಿಜಯನಗರದ ಚಿನ್ನದ ನಾಣ್ಯಗಳಾದ ವರಾಹಗಳ ಮೇಲೂ ಬೆಲೆ ಬರೆದಿಲ್ಲ. ಕಂಠೀರವ ನರಸರಾಜ ಒಡೆಯರ ಕಾಲದ ಕಂಠೀರವ ಹಣ ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಒಂದು ಬದಿ ನರಸಿಂಹನ ಚಿತ್ರ, ಬೆಲೆ ಬರೆಯಲು ಜಾಗವೇ ಇಲ್ಲ. ಆ ಕಾಲದಲ್ಲಿ ತೂಕವೇ ಬೆಲೆ. ಹಾಗಾಗಿ ಹಳೆಯ ತುಂಡು ಸಿಕ್ಕಾಗ ಬರಹದ ಜೊತೆ ತೂಕವನ್ನೂ ನೋಡಬೇಕು.

ಇನ್ನೊಂದು ಉಪಾಯ ನಮಗೆ ಕೆಲಸಕ್ಕೆ ಬಾರದ್ದು. ಎಡ ಬಲ ತಿರುಗಿಸಿದಾಗ ಹಿಂಬದಿಯ ಚಿತ್ರ ನೆಟ್ಟಗೆ ಬಂದರೆ ಪದಕ, ತಲೆಕೆಳಗಾದರೆ ನಾಣ್ಯ ಅನ್ನುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಅಮೆರಿಕದ ನಾಣ್ಯಗಳಲ್ಲಿ ಹಿಂಬದಿ ತಲೆಕೆಳಗೇ ಇರುತ್ತದೆ, ಅಲ್ಲಿ ಈ ಮಾತು ನಡೆಯುತ್ತದೆ. ಭಾರತದ ಈಗಿನ ನಾಣ್ಯಗಳ ಹಿಂಬದಿ ಪದಕದ ಹಾಗೆ ನೆಟ್ಟಗೇ ಇರುತ್ತದೆ. ನಿಮ್ಮ ಜೇಬಿನಿಂದ ಒಂದು ರೂಪಾಯಿ ತೆಗೆದು ತಿರುಗಿಸಿ ನೋಡಿ.

ಮೈಸೂರಿನದಾದರೆ 1843 ನೆನಪಿಡಿ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳು ಬಹಳ ಚೆನ್ನಾಗಿವೆ. ಆನೆ, ಅದರ ಮೇಲೆ ಸೂರ್ಯ ಚಂದ್ರ, ಕನ್ನಡದಲ್ಲಿ ಶ್ರೀ. ಕೆಲವದರಲ್ಲಿ ಶ್ರೀ ಚಾಮುಂಡಿ ಅಂತಲೂ ಇರುತ್ತದೆ. ಮಯಿಲಿ ಕಾಸು ಇಪ್ಪತ್ತು ಅಂತ ಕನ್ನಡದಲ್ಲಿ, ಅದರ ಜೊತೆಗೇ ಇಂಗ್ಲಿಷಿನಲ್ಲಿ ಮತ್ತು ಪಾರ್ಸಿ ಲಿಪಿಯಲ್ಲೂ ಬರಹ. ಒಂದು ಪುಟ್ಟ ತಾಮ್ರದ ಕಾಸಿನ ಮೇಲೆ ಮೂರು ಲಿಪಿ. ಇವು ನಿಜವಾದ ನಾಣ್ಯಗಳು, ಮಾಮೂಲಿ ಸ್ಥಿತಿಯವು ಈಗಲೂ ಕೈಗೆಟುಕುವ ಬೆಲೆಗೆ ಸಿಗುತ್ತವೆ.

1843ರಲ್ಲಿ ಮೈಸೂರು ಸಂಸ್ಥಾನದ ಟಂಕಸಾಲೆ ಮುಚ್ಚಿತು. ಆಮೇಲೆ ಮೈಸೂರು ತನ್ನದೇ ನಾಣ್ಯ ಹೊರಡಿಸಲೇ ಇಲ್ಲ. ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರ ಮುಖ ಇರುವ, ಜಯಚಾಮರಾಜ ಒಡೆಯರ ಮುಖ ಇರುವ, ಗಂಡಭೇರುಂಡದ ಲಾಂಛನದ ಜೊತೆ 1900ರ ಆಚೆಯ ಇಸವಿ ಇರುವ ಯಾವುದೇ ತುಂಡನ್ನು "ಮೈಸೂರು ಮಹಾರಾಜರ ನಾಣ್ಯ" ಅಂತ ಯಾರಾದರೂ ಮಾರಲು ಬಂದರೆ ಅದು ನಾಣ್ಯ ಆಗಿರಲು ಸಾಧ್ಯವೇ ಇಲ್ಲ. ಅದು ಪದಕ. ಪಟ್ಟಾಭಿಷೇಕ, ಬೆಳ್ಳಿಹಬ್ಬ, ದಸರಾ ವಸ್ತುಪ್ರದರ್ಶನ, ಕುಸ್ತಿ, ಶಾಲೆಯ ಬಹುಮಾನ, ಹೀಗೆ ನಾನಾ ಕಾರಣಕ್ಕೆ ಮಾಡಿಸಿದ್ದು. ಇಂಥ ಪದಕಗಳು ನನಗೆ ತುಂಬಾ ಇಷ್ಟ. ಬಹುಮಾನ ಯಾವುದಕ್ಕೆ, ಯಾವ ವರ್ಷ, ಯಾರಿಗೆ ಅಂತ ಕೆತ್ತಿರುವ ಒಂದು ಹಳೇ ದಸರಾ ಪದಕ, ಏನೂ ಬರೆಯದ ಹೊಳೆಯುವ ಪದಕಕ್ಕಿಂತ ಯಾವಾಗಲೂ ಮೇಲು.

ಶ್ರೀರಂಗಪಟ್ಟಣದ ಕಡೆ ಹೋದವರಿಗೆ ಇನ್ನೊಂದು ವಿಷಯ ಗೊತ್ತಿರಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಒಂದು ಪದಕ ಮಾಡಿಸಿತು. ಒಂದು ಬದಿಯಲ್ಲಿ ಸಿಂಹ ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಹುಲಿ ಅಂದರೆ ಟಿಪ್ಪು. ಇನ್ನೊಂದು ಬದಿಯಲ್ಲಿ ಕೋಟೆಗೆ ನುಗ್ಗುತ್ತಿರುವ ದೃಶ್ಯ. ಕೆತ್ತಿದ್ದು ಕುಚ್ಲರ್ ಎಂಬ ಕಲಾವಿದ, ಅಚ್ಚು ಹಾಕಿದ್ದು ಇಂಗ್ಲೆಂಡಿನಲ್ಲಿ ಮ್ಯಾಥ್ಯೂ ಬೌಲ್ಟನ್ನನ ಸೋಹೋ ಟಂಕಸಾಲೆ. ಅಗಲ ಸುಮಾರು 48 ಮಿಲಿಮೀಟರ್. ದರ್ಜೆ ನೋಡಿ ಲೋಹ ಕೊಟ್ಟರು: ದೊಡ್ಡ ಅಧಿಕಾರಿಗಳಿಗೆ ಚಿನ್ನ, ಸಾಮಾನ್ಯ ಸಿಪಾಯಿಗೆ ತವರ. ಇದಕ್ಕೆ ಒಳ್ಳೆ ಬೆಲೆ ಇದೆ, ಅದಕ್ಕೇ ನಕಲೂ ಇದೆ. ಒಮ್ಮೆ ಪ್ರವಾಸಿಗರು ಓಡಾಡುವ ಜಾಗದಲ್ಲಿ ಒಬ್ಬರು ಇದನ್ನೇ "ಟಿಪ್ಪು ಸುಲ್ತಾನರ ಬೆಳ್ಳಿ ನಾಣ್ಯ" ಅಂತ ನನಗೆ ತೋರಿಸಿದರು. ಟಿಪ್ಪು ತನ್ನ ಹುಲಿ ಸೋಲುವ ಚಿತ್ರವನ್ನು ತನ್ನ ನಾಣ್ಯದ ಮೇಲೆ ಹಾಕಿಸುತ್ತಾನಾ? ಆ ಒಂದು ಯೋಚನೆ ಮಾಡಿದ್ದರೆ ಸಾಕಿತ್ತು. ಆಗ ನಾನು ಹೊಸಬ. ಯೋಚಿಸದೆ ದುಡ್ಡು ಕೊಟ್ಟು ತಂದೆ. ಮನೆಗೆ ಬಂದು ಅಂಚು ನೋಡಿದಾಗ ಎರಡು ಅಚ್ಚು ಸೇರಿಸಿದ ಗೆರೆ ಸುತ್ತಲೂ ಎದ್ದು ಕಾಣುತ್ತಿತ್ತು. ಅದು ಎರಕ ಹೊಯ್ದ ನಕಲು.

ದೇವರ ಚಿತ್ರದ ಬಿಲ್ಲೆಗಳು

ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದ್ರೆ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ರಾಮ, ಸೀತೆ, ಲಕ್ಷ್ಮಣ, ಹನುಮಂತ ಇರುವ ರಾಮ ದರ್ಬಾರ್ ಚಿತ್ರ, ಹಿಂದೆ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ ಅಥವಾ ಯುಕೆಎಲ್ ಅನ್ನುವ ಅಕ್ಷರಗಳ ಜೊತೆ ಒಂದು ಆಣೆ, ಇಸವಿ 1818. ಕೆಲವದರಲ್ಲಿ 1616, 1717 ಅಂತಲೂ ಇರುತ್ತದೆ. ಇವು ಯಾವುವೂ ಕಂಪನಿಯ ನಾಣ್ಯಗಳಲ್ಲ. ಕಾರಣ ಸರಳ. 1835ಕ್ಕೆ ಮೊದಲು ಇಡೀ ಕಂಪನಿಗೆ ಒಂದೇ ಬಗೆಯ ನಾಣ್ಯ ಇರಲಿಲ್ಲ. ಬಂಗಾಳ, ಬೊಂಬಾಯಿ, ಮದರಾಸು ಪ್ರಾಂತ್ಯಗಳು ಬೇರೆ ಬೇರೆ ನಾಣ್ಯ ಹೊರಡಿಸುತ್ತಿದ್ದವು. 1835ರಲ್ಲಿ ಒಂದೇ ಪದ್ಧತಿ ಬಂದಾಗ ಅರ್ಧ ಆಣೆ, ಕಾಲು ಆಣೆಯ ತಾಮ್ರದ ನಾಣ್ಯಗಳು ಬಂದವು. ಅವುಗಳ ಮೇಲೆ ಇರುವುದು ಸಿಂಹಗಳು ಹಿಡಿದ ಕಂಪನಿಯ ಲಾಂಛನ, ದೇವರಲ್ಲ. ಇನ್ನು ಒಂದಾಣೆಯ ನಾಣ್ಯವನ್ನು ಕಂಪನಿ ಹೊರಡಿಸಲೇ ಇಲ್ಲ. ಅದು ಬಂದದ್ದು ಏಳನೇ ಎಡ್ವರ್ಡ್ ಕಾಲದಲ್ಲಿ, 1900 ದಾಟಿದ ಮೇಲೆ. ಅಂಚು ಹೂವಿನ ಎಸಳಿನ ಹಾಗೆ ಬಾಗಿರುವ ಆ ಒಂದಾಣೆಯನ್ನು ಹಿರಿಯರು ಕೈಯಲ್ಲಿ ಹಿಡಿದಿರುತ್ತಾರೆ. 1818ರಲ್ಲಿ ಅದು ಇರಲಿಲ್ಲ.

ಹಾಗಾದರೆ ಕಂಪನಿ ದೇವರ ಚಿತ್ರವನ್ನೇ ಹಾಕಿಲ್ಲವಾ? ಹಾಕಿದೆ. ಮದರಾಸಿನಲ್ಲಿ 1807-08ರ ಸುಮಾರಿಗೆ ಬಂದ ಬೆಳ್ಳಿಯ ಅರ್ಧ ಪಗೋಡದ ಒಂದು ಬದಿಯಲ್ಲಿ ಗೋಪುರ, ಇನ್ನೊಂದು ಬದಿಯಲ್ಲಿ ವಿಷ್ಣು. ಅದು ಅಸಲಿ ನಾಣ್ಯ. ಹಾಗಾಗಿ ದೇವರ ಚಿತ್ರ ಇದ್ದರೆ ನಕಲಿ ಅಂತಲೂ ಕಣ್ಣುಮುಚ್ಚಿ ಹೇಳಬೇಡಿ. ಆಣೆ, 1818, ಹನುಮಂತ, ಈ ಮೂರು ಒಟ್ಟಿಗೆ ಬಂದರೆ ಮಾತ್ರ ಹಿಂದೆ ಮುಂದೆ ನೋಡುವುದೇ ಬೇಡ.

ರಾಮಟಂಕಗಳೂ ಇವೆ. ಇವು ಹಳೆಯ ಪೂಜೆಯ ಬಿಲ್ಲೆಗಳು. ಒಂದು ಬದಿ ಬಿಲ್ಲು ಹಿಡಿದ ರಾಮ ಲಕ್ಷ್ಮಣರು, ಇನ್ನೊಂದು ಬದಿ ಪಟ್ಟಾಭಿಷೇಕ, ಸುತ್ತ ನಾಗರಿ ಅಕ್ಷರ. ಬೆಳ್ಳಿಯವೂ ಇವೆ, ಚಿನ್ನದವೂ ಇವೆ. ಯಾವ ರಾಜನೂ ಇದನ್ನು ಹಣ ಅಂತ ಹೊರಡಿಸಿದ್ದಲ್ಲ, ಆದರೆ ಹಳೆಯ ರಾಮಟಂಕಕ್ಕೆ ಸಂಗ್ರಹಕಾರರಲ್ಲಿ ನಿಜವಾದ ಬೇಡಿಕೆ ಇದೆ. ಹಳೆಯದರಲ್ಲಿ ಕೈಕೆಲಸ ಕಾಣುತ್ತದೆ. ಮುಖಗಳು ಸ್ವಲ್ಪ ಓರೆ, ಅಕ್ಷರ ಒಂದೇ ಅಳತೆಯಲ್ಲಿ ಇರುವುದಿಲ್ಲ, ಎಷ್ಟೋ ವರ್ಷ ಕುಂಕುಮ ಹಚ್ಚಿ ಒರೆಸಿ ಮೇಲಿನ ಭಾಗ ನುಣ್ಣಗೆ ಸವೆದಿರುತ್ತದೆ. ಹೊಸದರಲ್ಲಿ ಎಲ್ಲಾ ಒಂದೇ ಸಮ, ಬೇಕಂತಲೇ ಕಪ್ಪು ಬಳಿದಿರುತ್ತಾರೆ, ಬಟ್ಟೆಯಲ್ಲಿ ಒರೆಸಿದರೆ ಕೈಗೆ ಹತ್ತುತ್ತದೆ.

ಈ 1818ರ ಬಿಲ್ಲೆಗಳ ಜೊತೆಗೇ ರೈಸ್ ಪುಲ್ಲಿಂಗ್ ಅನ್ನುವ ಮೋಸ ಬರುತ್ತದೆ. ಬಿಲ್ಲೆಗೆ ಶಕ್ತಿ ಇದೆ, ಅಕ್ಕಿ ಕಾಳನ್ನು ಎಳೆಯುತ್ತದೆ, ವಿದೇಶದವರು ಕೋಟಿ ಕೊಟ್ಟು ಕೊಳ್ಳುತ್ತಾರೆ, ಪರೀಕ್ಷೆಗೆ ಮಾತ್ರ ಮೊದಲು ಸ್ವಲ್ಪ ಲಕ್ಷ ಕಟ್ಟಿ ಅನ್ನುತ್ತಾರೆ. ಕಬ್ಬಿಣದ ಪುಡಿ ಸೇರಿಸಿದ ಅಕ್ಕಿಯನ್ನು ಅಯಸ್ಕಾಂತ ಎಳೆಯುತ್ತದೆ, ಅಷ್ಟೇ. ನಮ್ಮ ರಾಜ್ಯದಲ್ಲೇ ಪೊಲೀಸರು ಇಂಥ ಗುಂಪುಗಳನ್ನು ಮತ್ತೆ ಮತ್ತೆ ಹಿಡಿದಿದ್ದಾರೆ. ದಯವಿಟ್ಟು ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ವೈಷ್ಣೋದೇವಿ ಚಿತ್ರದ 5 ರೂಪಾಯಿಗೆ ಲಕ್ಷ ಕೊಡುತ್ತೇವೆ ಅನ್ನುವ ಜಾಹೀರಾತುಗಳದ್ದೂ ಇದೇ ಕಥೆ. ಆ ನಾಣ್ಯ ಅಸಲಿಯೇ, 2012ರಲ್ಲಿ ಸರ್ಕಾರ ಹೊರಡಿಸಿದ್ದು, ಆದರೆ ಅಪರೂಪದ್ದಲ್ಲ. ರಿಸರ್ವ್ ಬ್ಯಾಂಕ್ ಹೆಸರಲ್ಲಿ ತೆರಿಗೆ, ಕಮಿಷನ್ ಕಟ್ಟಿ ಅಂತ ಕೇಳುವವರೂ ಇದ್ದಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ.

ಸರ್ಕಾರವೇ ಮಾಡಿದ್ದು, ಆದರೂ ಗೊಂದಲ

ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ 1964ರ ನೆಹರು ನಾಣ್ಯ. 1969ರಲ್ಲಿ ಗಾಂಧಿ ಶತಮಾನೋತ್ಸವಕ್ಕೆ 20 ಪೈಸೆಯಿಂದ ಬೆಳ್ಳಿಯ 10 ರೂಪಾಯಿವರೆಗೆ ಬಂತು. ನಮ್ಮ ನಾಡಿಗೆ ಸಂಬಂಧಿಸಿದವೂ ಇವೆ, 2006ರ ಬಸವೇಶ್ವರರ 5 ರೂಪಾಯಿ, 2016ರ ಮೈಸೂರು ವಿಶ್ವವಿದ್ಯಾಲಯದ ಶತಮಾನೋತ್ಸವದ ನಾಣ್ಯ. ಇವುಗಳಲ್ಲಿ ಕೆಲವು ಚಲಾವಣೆಗೆ ಬಂದವು. 75, 100, 150, 1000 ರೂಪಾಯಿಯಂಥವು ಸಂಗ್ರಹಕಾರರಿಗೆ ಅಂತಲೇ ಮಾಡಿದವು. ಮುಖಬೆಲೆ ಇರುವುದರಿಂದ ಕಾನೂನಿನ ಕಣ್ಣಲ್ಲಿ ಎಲ್ಲವೂ ನಾಣ್ಯವೇ. ಮಾರುವುದು ಮಾತ್ರ ಮುಖಬೆಲೆಗಿಂತ ಬಹಳ ಜಾಸ್ತಿ ಬೆಲೆಗೆ, ಪೆಟ್ಟಿಗೆಯಲ್ಲಿ ಹಾಕಿ.

ಅದೇ ಟಂಕಸಾಲೆ ಮುಖಬೆಲೆ ಇಲ್ಲದ ಬೆಳ್ಳಿ ಬಿಲ್ಲೆಗಳನ್ನೂ ಮಾರುತ್ತದೆ. 2024ರಲ್ಲಿ ಬಂದ ರಾಮಲಲ್ಲಾ ಮತ್ತು ಅಯೋಧ್ಯೆ ಮಂದಿರದ ಬಣ್ಣದ ಬೆಳ್ಳಿ ಬಿಲ್ಲೆ 50 ಗ್ರಾಂ ಶುದ್ಧ ಬೆಳ್ಳಿ. ಹೆಸರಲ್ಲಿ ನಾಣ್ಯ ಅಂತ ಇದ್ದರೂ ಅದು ನೆನಪಿನ ಬಿಲ್ಲೆ. 2015ರಲ್ಲಿ ಬಂದ ಅಶೋಕ ಚಕ್ರದ ಇಂಡಿಯಾ ಗೋಲ್ಡ್ ಕಾಯಿನ್ ಕೂಡ ಹಾಗೇ, ಒಳ್ಳೆಯ ಚಿನ್ನ, ಆದರೆ ಹಣ ಅಲ್ಲ. ಜ್ಯುವೆಲ್ಲರಿ ಅಂಗಡಿಯವರು, ಬ್ಯಾಂಕಿನವರು ಕೊಡುವ ಲಕ್ಷ್ಮಿ ಗಣೇಶರ ಬೆಳ್ಳಿ ಕಾಯಿನ್‌ಗಳು ಪೂರ್ತಿ ಲೋಹದ ಲೆಕ್ಕ. ಐವತ್ತು ವರ್ಷ ಇಟ್ಟುಕೊಂಡರೂ ಬೆಳ್ಳಿಯ ದರಕ್ಕಿಂತ ಮೇಲೆ ಹೋಗುವುದು ಕಡಿಮೆ.

ಕಮಲದ 20 ಪೈಸೆಯಲ್ಲಿ ಚಿನ್ನ ಇದೆ ಅನ್ನುವ ಮಾತು ಈಗಲೂ ಓಡಾಡುತ್ತದೆ. ಇಲ್ಲ. ಅದು ಹಿತ್ತಾಳೆಯ ಜಾತಿಯ ಲೋಹ. ಪೂಜೆಗೆ ಇಡಿ, ಮಾರಲು ಓಡಬೇಡಿ.

ಅಂಚಿನಲ್ಲಿ ಹೆಸರು ಇದೆಯಾ ನೋಡಿ

ರೂಪಾಯಿ ಅಂದುಕೊಳ್ಳುವ ಪದಕಗಳು ಕೆಲವು ಇವೆ. 1911ರ ದೆಹಲಿ ದರ್ಬಾರ್ ಪದಕ ಬೆಳ್ಳಿಯದು, 38.5 ಮಿಲಿಮೀಟರ್ ಅಗಲ, ರಾಜ ರಾಣಿ ಇಬ್ಬರ ಮುಖವೂ ಇದೆ, ಹಿಂದೆ ಪಾರ್ಸಿ ಬರಹ. ಬ್ರಿಟಿಷ್ ರಾಜರ 1935ರ ಬೆಳ್ಳಿಹಬ್ಬದ ಪದಕ, 1937ರ ಪಟ್ಟಾಭಿಷೇಕದ ಪದಕ 32 ಮಿಲಿಮೀಟರ್, ಅಂದರೆ ರೂಪಾಯಿಗಿಂತ ಒಂದೇ ಒಂದು ಚೂರು ದೊಡ್ಡದು. ಕೊಂಡಿ ಮುರಿದಿದ್ದರೆ ಥಟ್ ಅಂತ ಗೊತ್ತಾಗುವುದಿಲ್ಲ. ಇವುಗಳಲ್ಲೂ ರಾಜ ರಾಣಿ ಇಬ್ಬರ ಮುಖ ಇದೆ. ಬ್ರಿಟಿಷ್ ಇಂಡಿಯಾದ ರೂಪಾಯಿಯಲ್ಲಿ ಎರಡು ಮುಖ ಯಾವತ್ತೂ ಇಲ್ಲ, ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಯುದ್ಧದ ಪದಕಗಳಲ್ಲಿ ಅಂಚೇ ಮುಖ್ಯ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ 36 ಮಿಲಿಮೀಟರ್, ಒಂದು ಬದಿ ಐದನೇ ಜಾರ್ಜ್, ಇನ್ನೊಂದು ಬದಿ ಕುದುರೆ ಸವಾರ ಮತ್ತು 1914, 1918. ಅಂಚಿನಲ್ಲಿ ಸೈನಿಕನ ನಂಬರು, ಹೆಸರು, ದಳ ಒತ್ತಿರುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳಲ್ಲೂ ಬಹಳಷ್ಟರ ಮೇಲೆ ಹೆಸರು ಇದೆ. ಬ್ರಿಟಿಷ್ ವಾರ್ ಮೆಡಲ್ ಲಕ್ಷಾಂತರ ಜನಕ್ಕೆ ಕೊಟ್ಟ ಪದಕ, ಸೈನಿಕರಿಗೆ ಕೊಟ್ಟದ್ದೆಲ್ಲ ಬೆಳ್ಳಿಯೇ. ಬೆಲೆಯಲ್ಲಿ ವ್ಯತ್ಯಾಸ ತರುವುದು ಆ ಹೆಸರು, ಆ ದಳ, ಅದು ಹೋರಾಡಿದ ಜಾಗ. ಕೊಡಗಿನ ಮನೆಗಳಲ್ಲಿ, ಹಳೇ ಮೈಸೂರಿನ ಸೈನಿಕರ ಮನೆಗಳಲ್ಲಿ ಇಂಥವು ಗೋಡೆಯ ಫ್ರೇಮಿನಲ್ಲೋ ಟ್ರಂಕಿನ ಮೂಲೆಯಲ್ಲೋ ಇರುತ್ತವೆ. ರಿಬ್ಬನ್ ಹರಿದಿದ್ದರೂ ಎಸೆಯಬೇಡಿ. ಡಿಸ್ಚಾರ್ಜ್ ಕಾಗದ, ಫೋಟೋ, ಪತ್ರ ಏನಿದ್ದರೂ ಪದಕದ ಜೊತೆಗೇ ಇಡಿ. ಮೂರು ಪದಕ ಒಬ್ಬರದೇ ಆಗಿದ್ದರೆ ಬಿಡಿಬಿಡಿಯಾಗಿ ಹಂಚಬೇಡಿ, ಒಟ್ಟಿಗಿದ್ದರೆ ಅದರ ಬೆಲೆಯೇ ಬೇರೆ. ಕೊಡಗಿನವರಿಗೆ ಇನ್ನೊಂದು ಮಾತು: 1837ರ ದಂಗೆ ಅಡಗಿಸಲು ನೆರವಾದದ್ದಕ್ಕೆ ಕಂಪನಿ ಅಲ್ಲಿ ಕೊಟ್ಟ ಪದಕದ ಮೇಲೆ ಕನ್ನಡದ ಬರಹ ಇದೆ. ಚಿನ್ನ ಮತ್ತು ಬೆಳ್ಳಿಯಲ್ಲಿ ಮಾಡಿದ್ದು. ಅಂಥದ್ದು ಇದ್ದರೆ ತಿಳಿದವರಿಗೆ ತೋರಿಸದೆ ಯಾವ ಅಂಗಡಿಗೂ ಕೊಡಬೇಡಿ.

ತಕ್ಕಡಿ, ನೀರು, ಅಯಸ್ಕಾಂತ

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗೆ ಬೇಕಾದದ್ದು 0.01 ಗ್ರಾಂವರೆಗೆ ತೋರಿಸುವ ಒಂದು ಸಣ್ಣ ತಕ್ಕಡಿ, ಒಂದು ಅಯಸ್ಕಾಂತ, ದಾರ, ನೀರಿನ ಲೋಟ.

ತೂಕ ಮೊದಲು. ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ 11.66 ಗ್ರಾಂ, ನಮ್ಮ ಒಂದು ತೊಲ. ಅಗಲ 30.5 ಮಿಲಿಮೀಟರಿನ ಆಸುಪಾಸು. ಸವೆದು ಸ್ವಲ್ಪ ಕಡಿಮೆ ಆಗಿರಬಹುದು. ಜಾಸ್ತಿ ಇದ್ದರೆ ಅನುಮಾನ ಪಡಿ.

ಆಮೇಲೆ ನೀರು. ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಿ. ನಾಣ್ಯಕ್ಕೆ ತೆಳ್ಳಗಿನ ದಾರ ಕಟ್ಟಿ ಪೂರ್ತಿ ಮುಳುಗುವ ಹಾಗೆ ನೀರಿನಲ್ಲಿ ಇಳಿಬಿಡಿ, ತಳಕ್ಕೆ, ಗೋಡೆಗೆ ತಾಗಬಾರದು. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ಒಳ್ಳೆಯ ಬೆಳ್ಳಿ ರೂಪಾಯಿ ಆದರೆ ತಕ್ಕಡಿ 1.13 ಹತ್ತಿರ ತೋರಿಸುತ್ತದೆ, ಭಾಗಿಸಿದರೆ 10.3 ಬರುತ್ತದೆ. ಶುದ್ಧ ಬೆಳ್ಳಿಗೆ 10.5. ತಾಮ್ರ, ತಾಮ್ರ ನಿಕ್ಕಲ್ ಮಿಶ್ರಣ 8.9ರ ಹತ್ತಿರ, ಹಿತ್ತಾಳೆ ಅದಕ್ಕಿಂತ ಸ್ವಲ್ಪ ಕಡಿಮೆ, ಸೀಸ 11.3, ಶುದ್ಧ ಚಿನ್ನ 19.3. ಉಜ್ಜುವುದು, ಆಸಿಡ್ ಹಾಕುವುದು ಏನೂ ಬೇಡ. ನಾಣ್ಯಕ್ಕೆ ಒಂದು ಗೀರೂ ಬೀಳದೆ ಲೋಹ ಗೊತ್ತಾಗುತ್ತದೆ.

ಅಯಸ್ಕಾಂತಕ್ಕೆ ಬೆಳ್ಳಿ, ತಾಮ್ರ, ಚಿನ್ನ ಅಂಟುವುದಿಲ್ಲ. ಅಂಟಿದ ತಕ್ಷಣ ನಕಲಿ ಅಂತಲೂ ಅಲ್ಲ. ಹುಲಿ ಚಿತ್ರದ 1947ರ ರೂಪಾಯಿ ಶುದ್ಧ ನಿಕ್ಕಲ್, ಅದು ಅಂಟುತ್ತದೆ, ಅಂಟಲೇಬೇಕು.

ಕೊನೆಗೆ ಭೂತಕನ್ನಡಿ. ಎರಕದ ನಕಲಿನಲ್ಲಿ ಸಣ್ಣ ಸಣ್ಣ ಗುಳಿ, ಅಂಚಿನಲ್ಲಿ ಜೋಡಣೆಯ ಗೆರೆ, ಸೋಪಿನ ಹಾಗೆ ಮೊಂಡಾದ ಅಕ್ಷರ ಇರುತ್ತದೆ. ಅಚ್ಚೊತ್ತಿದ್ದರಲ್ಲಿ ಎಷ್ಟು ಸವೆದರೂ ಅಕ್ಷರದ ಬುಡ ಚೂಪಾಗಿರುತ್ತದೆ.

ಬೆಲೆ ಕಟ್ಟುವುದು

ಮೊದಲು ತಳದ ಬೆಲೆ ಹಿಡಿಯಿರಿ, ಅಂದರೆ ಲೋಹದ ಬೆಲೆ. 1939ರವರೆಗಿನ ಬೆಳ್ಳಿ ರೂಪಾಯಿಯಲ್ಲಿ 91.7% ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ. 1940ರಿಂದ 1945ರವರೆಗಿನದರಲ್ಲಿ ಅರ್ಧವೇ ಬೆಳ್ಳಿ, 5.8 ಗ್ರಾಂ. 1969ರ ಗಾಂಧಿ 10 ರೂಪಾಯಿ 15 ಗ್ರಾಂ, 80%, ಹಾಗಾಗಿ 12 ಗ್ರಾಂ. 2023ರ ಹೊಸ ಸಂಸತ್ ಭವನದ 75 ರೂಪಾಯಿ 35 ಗ್ರಾಂ ಇದ್ದರೂ ಅರ್ಧ ಮಾತ್ರ ಬೆಳ್ಳಿ, 17.5 ಗ್ರಾಂ. ಇದನ್ನು ಆ ದಿನದ ಬೆಳ್ಳಿ ದರಕ್ಕೆ ಗುಣಿಸಿ. ಇದಕ್ಕಿಂತ ಕಡಿಮೆಗೆ ಯಾರು ಕೇಳಿದರೂ ಕೊಡಬೇಡಿ. ಹಾಗಂತ ಲೋಹದ ಆಸೆಗೆ ಈಗಿನ ನಾಣ್ಯ ಕರಗಿಸುವುದು ಕಾನೂನಿನಲ್ಲಿ ಅಪರಾಧ.

ಅದರ ಮೇಲೆ ಎಷ್ಟು ಬರುತ್ತದೆ ಅನ್ನುವುದು ಎಷ್ಟು ಜನಕ್ಕೆ ಅದು ಬೇಕು, ಎಷ್ಟು ಉಳಿದಿದೆ, ಯಾವ ಸ್ಥಿತಿಯಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಹಳೆಯದು ಅನ್ನುವುದೊಂದೇ ಸಾಲದು. 1911ರ ರೂಪಾಯಿ ನೋಡಿ. ರಾಜನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಚಿಕ್ಕದಾಗಿ ಹಂದಿಯ ಹಾಗೆ ಕಂಡು ಜನ ಬೇಸರಪಟ್ಟರು, 1912ರಲ್ಲಿ ಚಿತ್ರ ತಿದ್ದಿದರು. ಬೆಳ್ಳಿ ಎರಡರಲ್ಲೂ ಅಷ್ಟೇ, ಆದರೆ 1911ರದ್ದಕ್ಕೆ ಜಾಸ್ತಿ ಕೊಡುತ್ತಾರೆ. 1939ರ ರೂಪಾಯಿ ಇನ್ನೂ ಅಪರೂಪ. ಅದಕ್ಕೇ ಬೇರೆ ಇಸವಿಯನ್ನು ಕೆತ್ತಿ 1939 ಮಾಡಿದ ನಕಲುಗಳು ಸುತ್ತುತ್ತಿವೆ, ಕೊನೆಯ 9ನ್ನು ಭೂತಕನ್ನಡಿಯಲ್ಲಿ ನೋಡದೆ ಕೊಳ್ಳಬೇಡಿ.

ಪದಕಗಳಿಗೆ ನಾಣ್ಯದ ಹಾಗೆ ಸಿದ್ಧ ದರಪಟ್ಟಿ ಕಡಿಮೆ. ಇಲ್ಲಿ ಹರಾಜಿನ ದಾಖಲೆಯೇ ದಾರಿ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾ ಇಂಥ ಹರಾಜುಗಳಲ್ಲಿ ಅದೇ ಪದಕ, ಅದೇ ಲೋಹ, ಅಂಥದ್ದೇ ಸ್ಥಿತಿಯದ್ದು ಎಷ್ಟಕ್ಕೆ ಹೋಯಿತು ಅಂತ ಹುಡುಕಿ. ಆನ್‌ಲೈನಿನಲ್ಲಿ ಯಾರೋ ಹಾಕಿದ ಕೇಳುವ ಬೆಲೆಯನ್ನು ನೋಡಿ ಲೆಕ್ಕ ಹಾಕಬೇಡಿ, ಯಾರು ಏನು ಬೇಕಾದರೂ ಕೇಳಬಹುದು. ಮಾರಾಟವಾದ ಬೆಲೆ ಮಾತ್ರ ಬೆಲೆ. ಅಂಗಡಿಯವರು ಅದಕ್ಕಿಂತ ಕಡಿಮೆ ಕೊಡುತ್ತಾರೆ, ಅವರೂ ಬದುಕಬೇಕು, ಅದು ಮೋಸ ಅಲ್ಲ. ಆದರೆ ಪದಕವನ್ನು ನೋಡದೆ ನೇರವಾಗಿ ತಕ್ಕಡಿಗೆ ಹಾಕಿದರೆ ಎದ್ದು ಬನ್ನಿ.

ತೊಳೆಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹುಣಸೆಹಣ್ಣು, ಸಬೀನಾ ಪುಡಿ, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಆ ಕಪ್ಪು ಪದರ ನೂರು ವರ್ಷದ್ದು, ಒಮ್ಮೆ ಉಜ್ಜಿದರೆ ವಾಪಸ್ ಬರುವುದಿಲ್ಲ, ಜೊತೆಗೆ ಅರ್ಧ ಬೆಲೆಯೂ ಹೋಗಬಹುದು. ಕಾಸಿನ ಸರಕ್ಕೆ ಕೊಂಡಿ ಬೆಸೆದ ನಾಣ್ಯಕ್ಕೂ ಬೆಲೆ ಇಳಿಯುತ್ತದೆ, ಅಂಚಿನಲ್ಲಿ ಬೆಸುಗೆ ಕಿತ್ತ ಗುರುತು ಇದೆಯಾ ನೋಡಿ ಕೊಳ್ಳಿ. ಹೊಸ ಸ್ಮರಣಾರ್ಥ ನಾಣ್ಯಗಳ ಸರ್ಕಾರಿ ಪೆಟ್ಟಿಗೆಯನ್ನು ಒಡೆಯಬೇಡಿ.

ಹೊರದೇಶದಲ್ಲಿರುವ ಮಕ್ಕಳಿಗೆ ಕೊಟ್ಟು ಕಳಿಸುವ ಮೊದಲು ಒಂದು ಮಾತು. 100 ವರ್ಷ ದಾಟಿದ ನಾಣ್ಯ, ಪದಕಗಳು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತುಗಳು, ಅವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹೊಲ ಉಳುವಾಗ, ಮನೆಯ ಪಾಯ ಅಗೆಯುವಾಗ ಸಿಕ್ಕಿದ್ದು ಬೇರೆಯೇ ವಿಷಯ, ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು.

ದೊಡ್ಡಮ್ಮನ ಡಬ್ಬಿಗೆ ನಾವು ಮಾಡಿದ್ದು ಇಷ್ಟು. ಪ್ರತಿಯೊಂದಕ್ಕೂ ಒಂದೊಂದು ಸಣ್ಣ ಕಾಗದದ ಕವರ್. ಮೇಲೆ ತೂಕ, ಅಗಲ, ಎರಡೂ ಬದಿಯಲ್ಲಿ ಏನಿದೆ, ಅಂಚಿನಲ್ಲಿ ಏನಿದೆ, ಮನೆಗೆ ಯಾರಿಂದ ಬಂತು ಅಂತ ಪೆನ್ಸಿಲ್ಲಿನಲ್ಲಿ ಬರೆದೆವು. ಪ್ಲಾಸ್ಟಿಕ್ ಕವರ್ ಬಳಸಲಿಲ್ಲ, ಕೆಲವು ಪ್ಲಾಸ್ಟಿಕ್ ಹಸಿರು ಅಂಟು ಬಿಡುತ್ತದೆ. ಹನುಮಂತನ ಬಿಲ್ಲೆ ದೇವರ ಮನೆಗೇ ವಾಪಸ್ ಹೋಯಿತು, ಅಲ್ಲಿ ಅದಕ್ಕೆ ಜಾಗ ಇದೆ. ಪದಕದ ಅಂಚಿನ ನಂಬರನ್ನು ದೊಡ್ಡಮ್ಮ ತಾವೇ ಒಂದೊಂದಾಗಿ ಓದಿ ಹೇಳಿದರು, ನಾನು ಬರೆದುಕೊಂಡೆ. ಮಾರುವುದಿಲ್ಲ ಅಂದರು. ಈಗ ಆ ದಳದ ಹಳೇ ಪಟ್ಟಿಗಳಲ್ಲಿ ಆ ನಂಬರಿಗಾಗಿ ಹುಡುಕುತ್ತಿದ್ದೇವೆ.